ಸೆಂಟ್ರಲ್ ಲೈನ್ ಸೋಂಕು: ಯಾವ ಲೆಕ್ಕ ಇಡಬೇಕು, ಯಾವ ತಡೆ ಆರಿಸಬೇಕು?

ಸೆಂಟ್ರಲ್ ಲೈನ್ ಎಂದರೆ ಔಷಧಿ ಕೊಡಲು ದೊಡ್ಡ ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆ, ಅಂದರೆ ಕ್ಯಾಥೆಟರ್. ಐಸಿಯುನಲ್ಲಿ ಅದರಿಂದ ಬರುವ ರಕ್ತದ ಸೋಂಕು ಜಾಸ್ತಿ ಆಯಿತು ಎಂದರೆ ಮೀಟಿಂಗ್ ಕರೆಯುತ್ತಾರೆ. ಅಲ್ಲಿ ಮೊದಲು ಏಳುವ ಮಾತು ಸಾಮಾನಿನದು. ಔಷಧಿ ಲೇಪಿಸಿದ ಕ್ಯಾಥೆಟರ್ ತರಿಸೋಣವಾ? ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ಇರುವ ಡ್ರೆಸ್ಸಿಂಗ್ ತರಿಸೋಣವಾ? ಲೈನಿನ ಹೊರತುದಿಯಲ್ಲಿ ಔಷಧಿ ಸೇರಿಸುವ ಬಾಯಿಗೆ, ಅಂದರೆ ಹಬ್‌ಗೆ, ಹಾಕುವ ಆಲ್ಕೋಹಾಲ್ ಕ್ಯಾಪ್? ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ನಿಮ್ಮ ಐಸಿಯುನಲ್ಲಿ ಸೋಂಕು ಯಾವ ದಾರಿಯಿಂದ ಒಳಗೆ ಹೋಗುತ್ತಿದೆ ಅಂತ ತಿಳಿಯದೆ ಆರಿಸಿದರೆ, ಮುಚ್ಚಬೇಕಾದ ದಾರಿ ಬಿಟ್ಟು ಬೇರೆಯದನ್ನು ಮುಚ್ಚಿದಂತೆ ಆಗುತ್ತದೆ.

ದಾರಿಗಳು ಮುಖ್ಯವಾಗಿ ಎರಡು. ಒಂದು, ಸೂಜಿ ಚುಚ್ಚಿದ ಜಾಗದ ಚರ್ಮದಿಂದ ಕ್ಯಾಥೆಟರಿನ ಹೊರಮೈ ಹಿಡಿದು ಒಳಗೆ ಇಳಿಯುವುದು. ಕಡಿಮೆ ದಿನದ ಲೈನುಗಳಲ್ಲಿ, ಅದರಲ್ಲೂ ಮೊದಲ ವಾರದಲ್ಲಿ, ಇದೇ ಜಾಸ್ತಿ. ಇನ್ನೊಂದು, ಔಷಧಿ ಕೊಡುವಾಗ ಹಬ್ ಮೂಲಕ ಕ್ಯಾಥೆಟರಿನ ಒಳಮೈಗೆ ಸೇರುವುದು. ಲೈನ್ ಹಳೆಯದಾದಂತೆ ಈ ದಾರಿ ಮುಂದೆ ಬರುತ್ತದೆ. ಹಾಗಾಗಿ ಪ್ರತಿ ಸೋಂಕಿನ ಎದುರು "ಲೈನ್ ಹಾಕಿ ಎಷ್ಟನೇ ದಿನ?" ಎಂದು ಬರೆದಿಟ್ಟರೆ ಸಾಕು, ಅರ್ಧ ಉತ್ತರ ಸಿಕ್ಕಿತು. ನಾಲ್ಕೈದು ದಿನದೊಳಗೇ ಸೋಂಕು ಬರುತ್ತಿದ್ದರೆ ಲೈನ್ ಹಾಕುವ ರೀತಿಯನ್ನು ನೋಡಿ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಬರುತ್ತಿದ್ದರೆ ನೋಡಿಕೊಳ್ಳುವ ರೀತಿಯನ್ನು ನೋಡಿ. ಮುಂದೆ ಹೇಳುವ ಆಯ್ಕೆಗಳನ್ನೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡೇ ತೂಗಿ ನೋಡಬೇಕು.

ಕ್ಲಾಬ್ಸಿ ಬೇರೆ, ಸಿಆರ್‌ಬಿಎಸ್‌ಐ ಬೇರೆ

ಎಷ್ಟೋ ಕಡೆ ಈ ಎರಡು ಹೆಸರನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಆಮೇಲೆ ಒಂದು ತಿಂಗಳ ಅಂಕಿ ಇನ್ನೊಂದಕ್ಕೆ ತಾಳೆಯೇ ಆಗುವುದಿಲ್ಲ.

ಕ್ಲಾಬ್ಸಿ (CLABSI, ಸೆಂಟ್ರಲ್ ಲೈನ್ ಇರುವಾಗ ಬಂದ ರಕ್ತದ ಸೋಂಕು) ಎನ್ನುವುದು ಲೆಕ್ಕ ಇಡಲು ಮಾಡಿದ ವ್ಯಾಖ್ಯೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ, ಆಸ್ಪತ್ರೆ ಸೋಂಕುಗಳ ಲೆಕ್ಕ ಇಡುವ ಎನ್‌ಎಚ್‌ಎಸ್‌ಎನ್ ಜಾಲದ ನಿಯಮವನ್ನೇ ಬಹಳ ಕಡೆ ಅನುಸರಿಸುತ್ತಾರೆ. ಸೆಂಟ್ರಲ್ ಲೈನ್ ಸತತ 2 ಕ್ಯಾಲೆಂಡರ್ ದಿನಕ್ಕಿಂತ ಜಾಸ್ತಿ ಇದ್ದಿರಬೇಕು. ಸೋಂಕಿನ ದಿನ ಅಥವಾ ಅದರ ಹಿಂದಿನ ದಿನ ಲೈನ್ ಇದ್ದಿರಬೇಕು. ರಕ್ತದಲ್ಲಿ ಬೆಳೆದ ರೋಗಾಣು ಮೂತ್ರ, ಶ್ವಾಸಕೋಶ, ಗಾಯ ಮುಂತಾದ ಬೇರೆ ಕಡೆಯ ಸೋಂಕಿನಿಂದ ಬಂದದ್ದಾಗಿರಬಾರದು. ರೋಗಾಣು ಎಂದೇ ಗುರುತಾದದ್ದು ಒಂದು ಬ್ಲಡ್ ಕಲ್ಚರಿನಲ್ಲಿ (ರಕ್ತದಿಂದ ರೋಗಾಣು ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಬೆಳೆದರೂ ಸಾಕು. ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಬ್ಯಾಕ್ಟೀರಿಯಾ ಆದರೆ ಬೇರೆ ಬೇರೆ ಸಲ ತೆಗೆದ ಎರಡು ಸ್ಯಾಂಪಲ್‌ಗಳಲ್ಲಿ ಬೆಳೆಯಬೇಕು, ಜೊತೆಗೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಚಳಿ ನಡುಕ ಅಥವಾ ಬಿಪಿ ಇಳಿತ ಇರಬೇಕು. ಲೈನಿನಿಂದಲೇ ಬಂತು ಎಂದು ಸಾಬೀತು ಮಾಡಬೇಕಾಗಿಲ್ಲ.

ಸಿಆರ್‌ಬಿಎಸ್‌ಐ (CRBSI, ಕ್ಯಾಥೆಟರಿನಿಂದಲೇ ಬಂದ ರಕ್ತದ ಸೋಂಕು) ಹಾಸಿಗೆಯ ಪಕ್ಕದ ಪ್ರಶ್ನೆ. ಈ ರೋಗಿಯ ಜ್ವರಕ್ಕೆ ಈ ಲೈನೇ ಕಾರಣವಾ? ಅದಕ್ಕೆ ಪುರಾವೆ ಬೇಕು. ಲೈನಿನಿಂದ ಒಂದು, ಕೈಯ ರಕ್ತನಾಳದಿಂದ ಒಂದು, ಒಂದೇ ಹೊತ್ತಿಗೆ, ಒಂದೇ ಪ್ರಮಾಣದ ರಕ್ತ ತೆಗೆದು ಕಳಿಸಬೇಕು. ಎರಡರಲ್ಲೂ ಒಂದೇ ರೋಗಾಣು ಬೆಳೆದು, ಲೈನಿನ ಬಾಟಲಿ ಕನಿಷ್ಠ 2 ಗಂಟೆ ಮೊದಲು ಪಾಸಿಟಿವ್ ಆದರೆ ಕಾರಣ ಲೈನೇ ಎನ್ನಬಹುದು. ಲೈನ್ ತೆಗೆದಾಗಿದ್ದರೆ ಅದರ ತುದಿಯನ್ನು ಕಲ್ಚರ್ ಪ್ಲೇಟಿನ ಮೇಲೆ ಉರುಳಿಸಿ ನೋಡುವ ವಿಧಾನವಿದೆ. ಅಲ್ಲಿ 15ಕ್ಕಿಂತ ಜಾಸ್ತಿ ಕಾಲೊನಿ ಬೆಳೆದು, ಅದೇ ರೋಗಾಣು ರಕ್ತದಲ್ಲೂ ಸಿಗಬೇಕು.

ನನ್ನ ಸಲಹೆ: ತಿಂಗಳ ಲೆಕ್ಕಕ್ಕೆ ಕ್ಲಾಬ್ಸಿ, ಚಿಕಿತ್ಸೆಯ ತೀರ್ಮಾನಕ್ಕೆ ಸಿಆರ್‌ಬಿಎಸ್‌ಐ. ಕ್ಲಾಬ್ಸಿ ಲೆಕ್ಕ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಅದು ಗೊತ್ತಿರುವ ಮಾತು. ಪರವಾಗಿಲ್ಲ, ಪ್ರತಿ ತಿಂಗಳೂ ಅದೇ ಅಳತೆಕೋಲು ಇದ್ದರೆ ಏರಿಳಿತ ಕಾಣುತ್ತದೆ. "ಇದು ನಮ್ಮ ಲೈನಿನಿಂದ ಬಂದಿರಲಾರದು" ಎಂದು ಒಂದೊಂದೇ ಕೇಸನ್ನು ವಾದ ಮಾಡಿ ಬಿಡುತ್ತಾ ಹೋದರೆ ಮಾತ್ರ ಲೆಕ್ಕ ಹಾಳಾಗುತ್ತದೆ. ಹಾಗಾಗಿ ಕೇಸು ಹೌದೋ ಅಲ್ಲವೋ ಎಂಬ ತೀರ್ಮಾನ ಆ ಐಸಿಯು ತಂಡದ ಕೈಯಲ್ಲಿ ಇರಬಾರದು. ಸೋಂಕು ನಿಯಂತ್ರಣ ವಿಭಾಗದ ಇಬ್ಬರು ಬೇರೆ ಬೇರೆಯಾಗಿ ಓದಿ, ಆಮೇಲೆ ತಾಳೆ ನೋಡುವುದು ಒಳ್ಳೆಯದು.

ಮೂರನೆಯ ಆಯ್ಕೆಯೂ ಇದೆ. ಆಸ್ಪತ್ರೆಗೆ ಸೇರಿದ 4ನೇ ದಿನ ಅಥವಾ ಆಮೇಲೆ ಬ್ಲಡ್ ಕಲ್ಚರ್ ಪಾಸಿಟಿವ್ ಆದ ಎಲ್ಲರನ್ನೂ, ಲೈನ್ ಇರಲಿ ಬಿಡಲಿ, ಎಣಿಸುವುದು. ಕಂಪ್ಯೂಟರೇ ಮಾಡಬಲ್ಲ ಕೆಲಸ, ವಾದಕ್ಕೆ ಜಾಗ ಕಡಿಮೆ. ಆದರೆ ಇದರಲ್ಲಿ ಮೂತ್ರದ ಸೋಂಕು, ಹೊಟ್ಟೆಯ ಸೋಂಕು ಎಲ್ಲವೂ ಸೇರಿರುತ್ತವೆ. ಲೈನಿನ ಆರೈಕೆ ಸುಧಾರಿಸಿತಾ ಎಂದು ಇದೊಂದರಿಂದಲೇ ತಿಳಿಯದು. ಕ್ಲಾಬ್ಸಿಯ ಪಕ್ಕದಲ್ಲಿ ಇಟ್ಟುಕೊಂಡರೆ ಉಪಯೋಗವಿದೆ.

ಲೈನ್ ದಿನಗಳನ್ನು ಎಣಿಸುವುದು

ದರ ಕಟ್ಟುವುದು ಸುಲಭ. ಸೋಂಕುಗಳ ಸಂಖ್ಯೆಯನ್ನು ಒಟ್ಟು ಲೈನ್ ದಿನಗಳಿಂದ ಭಾಗಿಸಿ 1000ದಿಂದ ಗುಣಿಸಬೇಕು. ಪ್ರತಿದಿನ ಒಂದೇ ಹೊತ್ತಿಗೆ ವಾರ್ಡ್ ಸುತ್ತಿ, ಸೆಂಟ್ರಲ್ ಲೈನ್ ಇರುವ ರೋಗಿಗಳು ಎಷ್ಟು ಎಂದು ಬರೆಯಬೇಕು. ಒಬ್ಬರಿಗೆ ಎರಡು ಲೈನ್ ಇದ್ದರೂ ಅಂದಿನ ಲೆಕ್ಕಕ್ಕೆ ಅದು ಒಂದೇ ಲೈನ್ ದಿನ. ಇಲ್ಲೇ ತಪ್ಪು ಜಾಸ್ತಿ. ಒಬ್ಬ ಸಿಸ್ಟರ್ ರೋಗಿಗಳನ್ನು ಎಣಿಸುತ್ತಾರೆ, ಮರುದಿನ ಬಂದವರು ಲೈನುಗಳನ್ನು ಎಣಿಸುತ್ತಾರೆ. ಭಾಜಕ ಉಬ್ಬುತ್ತದೆ, ದರ ಇಳಿದಂತೆ ಕಾಣುತ್ತದೆ. ಫಾರಂನ ಮೇಲೆಯೇ "ರೋಗಿಗೆ ಒಂದು" ಎಂದು ದಪ್ಪಕ್ಷರದಲ್ಲಿ ಬರೆದುಬಿಡಿ.

ದಿನಾ ಎಣಿಸಲು ಆಳಿಲ್ಲದಿದ್ದರೆ ವಾರಕ್ಕೊಮ್ಮೆ, ನಿಗದಿ ಮಾಡಿದ ಒಂದೇ ವಾರದ ದಿನ ಎಣಿಸಿ ಅಂದಾಜು ಮಾಡಬಹುದು. ತಿಂಗಳಿಗೆ ಸರಾಸರಿ 75 ಅಥವಾ ಜಾಸ್ತಿ ಲೈನ್ ದಿನ ಇರುವ ಐಸಿಯುಗಳಿಗೆ ಎನ್‌ಎಚ್‌ಎಸ್‌ಎನ್ ಇದನ್ನು ಒಪ್ಪುತ್ತದೆ. ಶನಿವಾರ ಭಾನುವಾರ ಬೇಡ, ಅಂದಿನ ಎಣಿಕೆ ವಾರದ ಉಳಿದ ದಿನಗಳ ಹಾಗೆ ಇರುವುದಿಲ್ಲ. ಸಣ್ಣ ಐಸಿಯು ಆದರೆ ದಿನಾ ಎಣಿಸುವುದೇ ಸರಿ.

ದರ ನೋಡುವಾಗ ಒಂದು ಬಲೆ ಇದೆ. ಒಂದು ಲೆಕ್ಕ ಮಾಡಿ ನೋಡೋಣ. ಮೂರು ತಿಂಗಳಲ್ಲಿ 1500 ಲೈನ್ ದಿನ, 6 ಸೋಂಕು ಅಂದುಕೊಳ್ಳಿ. ದರ 4. ತಂಡ ಎಚ್ಚೆತ್ತು ಬೇಡದ ಲೈನುಗಳನ್ನೆಲ್ಲ ತೆಗೆಯಿತು. ಮುಂದಿನ ಮೂರು ತಿಂಗಳಲ್ಲಿ 900 ಲೈನ್ ದಿನ, 4 ಸೋಂಕು. ದರ 4.4. ಇಬ್ಬರು ರೋಗಿಗಳು ಸೋಂಕಿನಿಂದ ಉಳಿದುಕೊಂಡರು, ಆದರೆ ಕಾಗದದ ಮೇಲೆ ದರ ಏರಿತು! ಲೈನ್ ಉಳಿದವರು ತೀರಾ ಕಾಯಿಲೆ ಇರುವವರು, ಅದಕ್ಕೇ ಹೀಗೆ. ದರವೊಂದನ್ನೇ ತೋರಿಸಿ ಇಂಥ ತಂಡವನ್ನು ಬೈದರೆ ಅದು ದೊಡ್ಡ ಅನ್ಯಾಯ. ದರದ ಪಕ್ಕದಲ್ಲಿ ಸೋಂಕುಗಳ ಬರೀ ಸಂಖ್ಯೆಯನ್ನೂ, ಒಟ್ಟು ರೋಗಿ ದಿನಗಳಲ್ಲಿ ಲೈನ್ ದಿನ ಎಷ್ಟು ಪಾಲು ಎಂಬುದನ್ನೂ ಬರೆಯಲೇಬೇಕು.

ಸೋಂಕು ಅಪರೂಪವಾದ ಐಸಿಯುಗಳಿಗೆ ಮಾಸಿಕ ದರ ಅಷ್ಟು ಹೊಂದುವುದಿಲ್ಲ. ಸೊನ್ನೆ, ಸೊನ್ನೆ, ಆಮೇಲೆ ಒಮ್ಮೆಲೇ 9 ಎಂದು ಜಿಗಿಯುತ್ತದೆ. ಅಂಥ ಕಡೆ "ಕೊನೆಯ ಸೋಂಕಿನಿಂದ ಇಂದಿಗೆ ಎಷ್ಟು ದಿನ" ಎಂಬ ಲೆಕ್ಕ ಹೆಚ್ಚು ಮಾತಾಡುತ್ತದೆ. ನೈಟ್ ಶಿಫ್ಟಿನವರಿಗೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಬೇರೆ ಆಸ್ಪತ್ರೆಯ ಜೊತೆ ಹೋಲಿಸಬೇಕೆಂದರೆ ಮಾತ್ರ, ಇಂಥ ಐಸಿಯುನಲ್ಲಿ ಎಷ್ಟು ಸೋಂಕು ನಿರೀಕ್ಷಿಸಬಹುದು ಎಂಬ ಅಂದಾಜಿಗೆ ನಿಜವಾದ ಸಂಖ್ಯೆಯನ್ನು ಹೋಲಿಸುವ ಅನುಪಾತ ಬೇಕು. ಸುಟ್ಟ ಗಾಯದ ಐಸಿಯುವನ್ನೂ ಹೃದ್ರೋಗದ ಐಸಿಯುವನ್ನೂ ಬರೀ ದರ ಹಿಡಿದು ಪಕ್ಕಪಕ್ಕ ಇಡುವುದು ಸರಿಯಲ್ಲ ಅಲ್ವಾ?

ಯಾವ ರಕ್ತನಾಳ?

ಈಗ ಲೈನ್ ಹಾಕುವ ಹೊತ್ತಿನ ಆಯ್ಕೆಗಳು. ಫ್ರಾನ್ಸಿನ ಐಸಿಯುಗಳಲ್ಲಿ 3471 ಕ್ಯಾಥೆಟರ್‌ಗಳನ್ನು ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಲೈನಿನಿಂದ ಬಂದ ರಕ್ತದ ಸೋಂಕು ಮತ್ತು ಲಕ್ಷಣ ತೋರಿದ ರಕ್ತ ಹೆಪ್ಪು, ಎರಡನ್ನೂ ಸೇರಿಸಿ 1000 ಕ್ಯಾಥೆಟರ್ ದಿನಕ್ಕೆ ಸಬ್‌ಕ್ಲೇವಿಯನ್‌ನಲ್ಲಿ (ಕಾಲರ್ ಮೂಳೆಯ ಕೆಳಗಿನ ರಕ್ತನಾಳ) 1.5, ಜುಗುಲರ್‌ನಲ್ಲಿ (ಕುತ್ತಿಗೆಯದು) 3.6, ಫೆಮೋರಲ್‌ನಲ್ಲಿ (ತೊಡೆಸಂದಿಯದು) 4.6. ಸೋಂಕಿನ ದೃಷ್ಟಿಯಿಂದ ಸಬ್‌ಕ್ಲೇವಿಯನ್ ಗೆದ್ದಿತು. ಆದರೆ ಶ್ವಾಸಕೋಶದ ಸುತ್ತ ಗಾಳಿ ತುಂಬುವ ತೊಂದರೆ ಸಬ್‌ಕ್ಲೇವಿಯನ್‌ನಲ್ಲಿ 1.5%, ಜುಗುಲರ್‌ನಲ್ಲಿ 0.5%.

ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಒಂದು ವಾರ ಮೀರಿ ಲೈನ್ ಬೇಕಾಗಬಹುದು, ರಕ್ತ ಹೆಪ್ಪುಗಟ್ಟುವಿಕೆ ಸರಿಯಿದೆ, ಹಾಕುವವರ ಕೈ ಪಳಗಿದೆ ಅಂದರೆ ಸಬ್‌ಕ್ಲೇವಿಯನ್. ಇಲ್ಲಿ ರಕ್ತ ಸೋರಿದರೆ ಒತ್ತಿ ಹಿಡಿಯಲು ಆಗುವುದಿಲ್ಲ, ಅದಕ್ಕೆ ರಕ್ತಸ್ರಾವದ ಭಯ ಇರುವವರಿಗೆ ಜುಗುಲರ್, ಅದೂ ಅಲ್ಟ್ರಾಸೌಂಡ್ ನೋಡಿಕೊಂಡು. ಮುಂದೆ ಡಯಾಲಿಸಿಸ್ ಬೇಕಾಗಬಹುದಾದ ಕಿಡ್ನಿ ರೋಗಿಗಳಿಗೆ ಸಬ್‌ಕ್ಲೇವಿಯನ್ ಬೇಡ. ಆ ರಕ್ತನಾಳ ಕಿರಿದಾದರೆ ಆ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳ ಜೋಡಣೆ) ಮಾಡುವುದು ಕಷ್ಟವಾಗುತ್ತದೆ. ಫೆಮೋರಲ್ ತುರ್ತಿಗೆ ಇರಲಿ. ಗಡಿಬಿಡಿಯಲ್ಲಿ, ಶುಚಿತ್ವದ ಖಾತ್ರಿ ಇಲ್ಲದೆ ಹಾಕಿದ ಲೈನ್ ಎಲ್ಲೇ ಇದ್ದರೂ 48 ಗಂಟೆಯೊಳಗೆ ಬದಲಿಸಿಬಿಡಿ. ಅದಕ್ಕೆ ಲೈನಿನ ಮೇಲೆಯೇ "ತುರ್ತು" ಎಂದು ಚೀಟಿ ಅಂಟಿಸಬೇಕು. ಇಲ್ಲದಿದ್ದರೆ ಮುಂದಿನ ಶಿಫ್ಟಿಗೆ ಅದು ಮರೆತೇ ಹೋಗುತ್ತದೆ.

ತೋಳಿನ ರಕ್ತನಾಳದಿಂದ ತೂರಿಸುವ ಪಿಕ್ ಲೈನ್ ಹಾಕಿದರೆ ಸೋಂಕು ಕಡಿಮೆ ಎಂಬ ನಂಬಿಕೆ ಬಹಳ ಕಡೆ ಇದೆ. ಮನೆಗೆ ಹೋದ ರೋಗಿಗಳಲ್ಲಿ ಅದು ಸ್ವಲ್ಪ ನಿಜ. ಆಸ್ಪತ್ರೆಯಲ್ಲಿ ಮಲಗಿರುವ ರೋಗಿಗಳಲ್ಲಿ ಪಿಕ್ ಲೈನಿನ ಸೋಂಕಿನ ಅಪಾಯ ಮಾಮೂಲಿ ಸೆಂಟ್ರಲ್ ಲೈನಿನಷ್ಟೇ. ಸುಮ್ನೆ ಸೋಂಕು ತಪ್ಪಿಸಲೆಂದು ಅದನ್ನು ಆರಿಸಬೇಡಿ.

ಚರ್ಮಕ್ಕೆ ಹಚ್ಚುವ ಔಷಧಿಯ ವಿಷಯದಲ್ಲಿ ಜಾಸ್ತಿ ಯೋಚನೆ ಬೇಕಿಲ್ಲ. ಆಲ್ಕೋಹಾಲ್ ಸೇರಿದ 2% ಕ್ಲೋರ್‌ಹೆಕ್ಸಿಡಿನ್ ಆರಿಸಿ. 2015ರ ಇನ್ನೊಂದು ಫ್ರೆಂಚ್ ಅಧ್ಯಯನದಲ್ಲಿ ಅದನ್ನು ಹಚ್ಚಿದವರಲ್ಲಿ ಕ್ಯಾಥೆಟರ್ ಸೋಂಕು 1000 ದಿನಕ್ಕೆ 0.28 ಇತ್ತು. ಆಲ್ಕೋಹಾಲ್ ಸೇರಿದ ಪೊವಿಡೋನ್ ಅಯೋಡಿನ್ ಹಚ್ಚಿದವರಲ್ಲಿ 1.77. ಚರ್ಮದ ತೀವ್ರ ಉರಿ ಮಾತ್ರ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಸ್ವಲ್ಪ ಜಾಸ್ತಿ. ಅಲರ್ಜಿ ಇದ್ದರೆ ಅಯೋಡಿನ್. ಎರಡು ತಿಂಗಳೊಳಗಿನ ಮಕ್ಕಳಿಗೆ ಕ್ಲೋರ್‌ಹೆಕ್ಸಿಡಿನ್ ಹಚ್ಚುವ ಮುನ್ನ ಎಚ್ಚರ ಬೇಕು. ಯಾವುದೇ ಹಚ್ಚಿ, ಪೂರ್ತಿ ಒಣಗಲು ಬಿಡಿ. ಬಟ್ಟೆಯಿಂದ ಒರೆಸಬೇಡಿ.

ಡ್ರೆಸ್ಸಿಂಗ್: ಎಲ್ಲರೂ ಕಡೆಗಣಿಸುವ ಜಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಾರದರ್ಶಕ ಡ್ರೆಸ್ಸಿಂಗನ್ನು 7 ದಿನಕ್ಕೊಮ್ಮೆ, ಗಾಜ್ ಡ್ರೆಸ್ಸಿಂಗನ್ನು 2 ದಿನಕ್ಕೊಮ್ಮೆ ಬದಲಿಸಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಒದ್ದೆಯಾದರೆ, ಕೊಳೆಯಾದರೆ, ಕಿತ್ತುಬಂದರೆ ಕೂಡಲೇ ಬದಲಿಸಬೇಕು. ಈ ಎರಡನೆಯ ಮಾತೇ ಜಾಸ್ತಿ ಮುಖ್ಯ. ದೊಡ್ಡ ಅಧ್ಯಯನವೊಂದರಲ್ಲಿ ಮೂರರಲ್ಲಿ ಎರಡು ಪಾಲು ಡ್ರೆಸ್ಸಿಂಗ್‌ಗಳು ಗಡುವಿಗೆ ಮುಂಚೆಯೇ ಹಾಳಾಗಿದ್ದವು. ಪದೇ ಪದೇ ಕಿತ್ತುಬಂದವರಲ್ಲಿ ಸೋಂಕಿನ ಅಪಾಯ ಹಲವು ಪಟ್ಟು ಏರಿತ್ತು.

ಒಬ್ಬ ರೋಗಿಯ ಕುತ್ತಿಗೆಯನ್ನು ಹತ್ತಿರದಿಂದ ನೋಡಿ. ಬಲಗಡೆ ಜುಗುಲರ್ ಲೈನ್. ಬಾಯಿಗೆ ವೆಂಟಿಲೇಟರ್ ಟ್ಯೂಬ್, ಅದನ್ನು ಹಿಡಿದ ಟೇಪ್ ಕೆನ್ನೆಯ ಮೇಲೆ. ಎರಡು ದಿನದ ಗಡ್ಡ. ಜೊಲ್ಲು ಕುತ್ತಿಗೆಯ ಮಡಿಕೆಗೆ ಇಳಿಯುತ್ತಿದೆ. ಮಗ್ಗುಲು ಬದಲಿಸಿದಾಗಲೆಲ್ಲ ಮೂರು ಪಂಪುಗಳ ಟ್ಯೂಬುಗಳು ಹಬ್ ಹಿಡಿದು ಜಗ್ಗುತ್ತವೆ. ಡ್ರೆಸ್ಸಿಂಗಿನ ಕೆಳ ಅಂಚು ಬೆರಳ ತುದಿಯಷ್ಟು ಎದ್ದಿದೆ. ಯಾರೋ ಅದರ ಮೇಲೆ ಇನ್ನೊಂದು ಟೇಪ್ ಅಂಟಿಸಿದ್ದಾರೆ. ಚಾರ್ಟಿನಲ್ಲಿ "ಡ್ರೆಸ್ಸಿಂಗ್ 4ನೇ ದಿನ, ಸರಿ ಇದೆ" ಎಂದಿದೆ. ಆ ಟೇಪಿನ ಕೆಳಗೆ ಜೊಲ್ಲು, ಬೆವರು, ಚರ್ಮದ ಬ್ಯಾಕ್ಟೀರಿಯಾ ಎಲ್ಲ ಬೆಚ್ಚಗೆ ಕೂತಿರುತ್ತವೆ.

ಕ್ಲೋರ್‌ಹೆಕ್ಸಿಡಿನ್ ಸ್ಪಂಜ್ ಅಥವಾ ಜೆಲ್ ಇರುವ ಡ್ರೆಸ್ಸಿಂಗ್ ಕೊಳ್ಳಬೇಕಾ ಎಂಬ ಪ್ರಶ್ನೆಯನ್ನು ಇದನ್ನು ನೋಡಿದ ಮೇಲೆ ಕೇಳಬೇಕು. ಅದು ಕೆಲಸ ಮಾಡುತ್ತದೆ, ಅನುಮಾನ ಇಲ್ಲ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪಂಜ್ ಹಾಕಿದಾಗ ಗಂಭೀರ ಕ್ಯಾಥೆಟರ್ ಸೋಂಕು 1000 ದಿನಕ್ಕೆ 1.4ರಿಂದ 0.6ಕ್ಕೆ ಇಳಿಯಿತು. ಎರಡು ತಿಂಗಳ ವಯಸ್ಸು ಮೀರಿದ ರೋಗಿಗಳಿಗೆ ಇದು ಅಗತ್ಯ ಕ್ರಮ ಎಂದು 2022ರ ಅಮೆರಿಕದ ಮಾರ್ಗಸೂಚಿ ಹೇಳಿತು. ದುಡ್ಡಿದ್ದರೆ ಖಂಡಿತ ತನ್ನಿ. ಆದರೆ ಅಂಚು ಎದ್ದ ಡ್ರೆಸ್ಸಿಂಗಿನ ಕೆಳಗೆ ಸ್ಪಂಜ್ ಇದ್ದರೂ ಪೂರ್ತಿ ಪ್ರಯೋಜನ ಸಿಗದು. ಗಡ್ಡ, ಕೂದಲನ್ನು ಕ್ಲಿಪ್ಪರಿನಿಂದ ತೆಗೆಯುವುದು, ರೇಜರ್ ಬಳಸದಿರುವುದು, ಟ್ಯೂಬುಗಳ ಭಾರವನ್ನು ಎದೆಯ ಮೇಲೆ ಬೇರೆಯಾಗಿ ಅಂಟಿಸಿ ತಡೆಯುವುದು, ಇವುಗಳ ಅಭ್ಯಾಸ ಮೊದಲು ಆಗಬೇಕು.

ಹಬ್, ಸ್ನಾನ, ಟ್ಯೂಬು

ನಿಮ್ಮ ಸೋಂಕುಗಳು ಒಂದು ವಾರ ಕಳೆದ ಮೇಲೆ ಬರುತ್ತಿವೆ ಎಂದರೆ ಕಣ್ಣು ಹಬ್ ಮೇಲೆ ಹೋಗಬೇಕು. ಎರಡು ಆಯ್ಕೆ. ಪ್ರತಿ ಸಲ ಔಷಧಿ ಕೊಡುವ ಮೊದಲು ಆಲ್ಕೋಹಾಲ್ ಅಥವಾ ಆಲ್ಕೋಹಾಲ್-ಕ್ಲೋರ್‌ಹೆಕ್ಸಿಡಿನ್ ಸ್ವಾಬಿನಿಂದ 5ರಿಂದ 15 ಸೆಕೆಂಡು ಉಜ್ಜಿ, ಒಣಗಲು ಬಿಡುವುದು. ಅಥವಾ ಹಬ್ ಮೇಲೆ ಸದಾ ಆಲ್ಕೋಹಾಲ್ ಕ್ಯಾಪ್ ಹಾಕಿಡುವುದು. ಉಜ್ಜುವುದು ಅಗ್ಗ, ಆದರೆ ರಾತ್ರಿ ಎರಡು ಗಂಟೆಗೆ ಬಿಪಿ ಬೀಳುತ್ತಿರುವಾಗ ಅದು ಮೂರು ಸೆಕೆಂಡಿಗೆ ಇಳಿಯುತ್ತದೆ. ಉಜ್ಜಿದರೋ ಇಲ್ಲವೋ ಆಮೇಲೆ ನೋಡಿ ಹೇಳಲಾಗದು. ಕ್ಯಾಪ್ ಹಾಗಲ್ಲ, ದೂರದಿಂದಲೇ ಬಣ್ಣ ಕಾಣುತ್ತದೆ. ದಾದಿಯರ ಸಂಖ್ಯೆ ಕಡಿಮೆ ಇರುವ ಐಸಿಯುಗೆ ನಾನು ಕ್ಯಾಪನ್ನೇ ಆರಿಸುತ್ತೇನೆ. ಒಮ್ಮೆ ತೆಗೆದ ಕ್ಯಾಪ್ ಎಸೆಯಲೇಬೇಕು, ಮತ್ತೆ ಹಾಕುವಂತಿಲ್ಲ. ತುರ್ತಿನಲ್ಲಿ ಕ್ಯಾಪ್ ಇಲ್ಲದ ಹಬ್ ಸಿಕ್ಕರೆ ಉಜ್ಜುವುದು ತಪ್ಪಬಾರದು.

ದಿನಾ ಕ್ಲೋರ್‌ಹೆಕ್ಸಿಡಿನ್ ಬಟ್ಟೆಯಿಂದ ಮೈ ಒರೆಸುವ ಕ್ರಮದ ಬಗ್ಗೆ ಫಲಿತಾಂಶಗಳು ಒಂದೇ ಕಡೆ ವಾಲುವುದಿಲ್ಲ. 2013ರ ಹಲವು ಆಸ್ಪತ್ರೆಗಳ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿ ಹತ್ತುವ ರಕ್ತದ ಸೋಂಕು 28% ಕಡಿಮೆಯಾಯಿತು. 2015ರಲ್ಲಿ ಒಂದೇ ಆಸ್ಪತ್ರೆಯ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾರ್ಗಸೂಚಿಗಳು ಐಸಿಯುಗೆ ಇದನ್ನು ಮಾಡಿ ಎಂದೇ ಹೇಳುತ್ತವೆ, ನಾನೂ ಅದೇ ಹೇಳುತ್ತೇನೆ. ಒರೆಸಿದ ಮೇಲೆ ನೀರಿನಿಂದ ತೊಳೆಯಬಾರದು. ಮುಖಕ್ಕೆ ತಾಗಿಸಬಾರದು.

ಡ್ರಿಪ್ ಸೆಟ್‌ಗಳನ್ನು (ಲೈನಿಗೆ ಜೋಡಿಸುವ ಟ್ಯೂಬುಗಳು) ಮೂರು ನಾಲ್ಕು ದಿನಕ್ಕೇ ಬದಲಿಸಬೇಕಿಲ್ಲ, 7 ದಿನದವರೆಗೆ ಇಡಬಹುದು ಎಂದು ಈಗ ಒಪ್ಪಿದ್ದಾರೆ. ರಕ್ತ, ಕೊಬ್ಬಿನ ದ್ರಾವಣ, ಮಂಪರು ತರುವ ಪ್ರೊಪೊಫಾಲ್ ಹೋಗುವ ಸೆಟ್‌ಗಳಿಗೆ ಇದು ಸಲ್ಲದು. ಅವನ್ನು ಬಹಳ ಬೇಗ ಬದಲಿಸಬೇಕು.

ತೆಗೆಯುವುದಾ, ಬದಲಿಸುವುದಾ?

ಏಳು ದಿನಕ್ಕೊಮ್ಮೆ ಲೈನನ್ನೇ ಬದಲಿಸಿದರೆ ಸೋಂಕು ತಪ್ಪುತ್ತದೆ ಎಂದು ಕೆಲವರು ಈಗಲೂ ಮಾಡುತ್ತಾರೆ. ಅದರಿಂದ ಲಾಭ ಇಲ್ಲ. ಹೊಸದಾಗಿ ಚುಚ್ಚುವ ಅಪಾಯ ಮಾತ್ರ ಸೇರುತ್ತದೆ. ಸೋಂಕಿನ ಅನುಮಾನ ಇರುವಾಗ ಹಳೆಯ ಲೈನಿನೊಳಗೆ ಗೈಡ್ ವೈರ್ ತೂರಿಸಿ ಅದೇ ಜಾಗದಲ್ಲಿ ಹೊಸದನ್ನು ಹಾಕುವುದೂ ಬೇಡ.

ಅದರ ಬದಲು ದಿನಾ ರೌಂಡ್ಸಿನಲ್ಲಿ ಒಂದು ಪ್ರಶ್ನೆ: "ಈ ಲೈನ್ ಇವತ್ತು ಯಾಕೆ ಬೇಕು?" "ಇರಲಿ, ಬೇಕಾಗಬಹುದು" ಎನ್ನುವುದನ್ನು ಉತ್ತರ ಎಂದು ಒಪ್ಪಬಾರದು. ಯಾವ ಔಷಧಿಗೆ, ಯಾವ ಅಳತೆಗೆ ಎಂದು ಹೇಳಬೇಕು. ಬಿಪಿ ಏರಿಸುವ ನೋರ್‌ಅಡ್ರಿನಲಿನ್ ನಿಂತು ಒಂದು ದಿನವಾಯಿತು, ಇನ್ನುಳಿದ ಔಷಧಿಗಳು ಕೈಯ ಲೈನಿನಲ್ಲಿ ಹೋಗುತ್ತವೆ ಎಂದಾದರೆ ಅಂದೇ ತೆಗೆಯಬೇಕು. ಎರಡೂ ದಾರಿಯನ್ನು ಒಟ್ಟಿಗೆ ಮುಚ್ಚುವ ಕ್ರಮ ಇದೊಂದೇ.

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ವೈದ್ಯ ಪೀಟರ್ ಪ್ರೊನೊವೋಸ್ಟ್ ಅವರ ತಂಡ 103 ಐಸಿಯುಗಳಲ್ಲಿ ಮಾಡಿದ ಕೆಲಸ 2006ರಲ್ಲಿ ಪ್ರಕಟವಾಯಿತು. ಕೈ ತೊಳೆಯುವುದು, ಲೈನ್ ಹಾಕುವಾಗ ರೋಗಿಯ ಇಡೀ ಮೈಗೆ ಹೊದಿಕೆ ಜೊತೆಗೆ ಟೋಪಿ, ಮಾಸ್ಕ್, ಗೌನ್, ಗ್ಲೌಸ್, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್, ಆದಷ್ಟು ಫೆಮೋರಲ್ ಬಿಡುವುದು, ಬೇಡದ ಲೈನ್ ತೆಗೆಯುವುದು. ಇಷ್ಟೇ. ಸರಾಸರಿ ದರ 7.7ರಿಂದ ಒಂದೂವರೆ ವರ್ಷದೊಳಗೆ 1.4ಕ್ಕೆ ಬಂತು. ಇದರಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಬೇರೆಯೇ ಒಂದು ಮಾತು. ಡಾಕ್ಟರ್ ಒಂದು ಹಂತ ಬಿಟ್ಟರೆ, ತುರ್ತು ಅಲ್ಲದಿದ್ದಲ್ಲಿ, "ಸರ್, ನಿಲ್ಲಿಸಿ" ಎನ್ನುವ ಅಧಿಕಾರ ಪಕ್ಕದಲ್ಲಿ ಚೆಕ್‌ಲಿಸ್ಟ್ ಹಿಡಿದು ನಿಂತವರಿಗೆ ಇತ್ತು. ಚೆಕ್‌ಲಿಸ್ಟನ್ನು ಛಾಪಿಸಿ, ಆ ಅಧಿಕಾರ ಕೊಡದಿದ್ದರೆ ಸಿಸ್ಟರ್ ಆಮೇಲೆ ಕೂತು ಎಲ್ಲಕ್ಕೂ ಟಿಕ್ ಹಾಕುತ್ತಾರೆ, ಅವರದು ತಪ್ಪಲ್ಲ.

ಲೇಪನದ ಕ್ಯಾಥೆಟರ್ ಯಾವಾಗ?

ಕೊನೆಗೆ ಮೀಟಿಂಗಿನಲ್ಲಿ ಮೊದಲು ಕೇಳಿದ ಆ ಸಾಮಾನು. ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ: ಕ್ಲೋರ್‌ಹೆಕ್ಸಿಡಿನ್ ಜೊತೆ ಸಿಲ್ವರ್ ಸಲ್ಫಡೈಯಜಿನ್, ಮತ್ತು ಮಿನೊಸೈಕ್ಲಿನ್ ಜೊತೆ ರಿಫಾಂಪಿಸಿನ್. 1999ರ ಹೋಲಿಕೆಯಲ್ಲಿ ರಕ್ತದ ಸೋಂಕು ಎರಡನೆಯದರಲ್ಲಿ 0.3%, ಮೊದಲನೆಯದರಲ್ಲಿ 3.4%. ಆದರೆ ಅಂದಿನ ಕ್ಲೋರ್‌ಹೆಕ್ಸಿಡಿನ್ ಕ್ಯಾಥೆಟರಿಗೆ ಹೊರಮೈಯಲ್ಲಿ ಮಾತ್ರ ಲೇಪನ ಇತ್ತು. ಆಮೇಲೆ ಬಂದವುಗಳಿಗೆ ಒಳಮೈಗೂ ಇದೆ. ಹಾಗಾಗಿ ಆ ಅಂಕಿಯನ್ನು ಇಂದಿನ ಸಾಮಾನಿಗೆ ಹಾಗೇ ಹಚ್ಚಬಾರದು. ಕ್ಲೋರ್‌ಹೆಕ್ಸಿಡಿನ್ ಅಲರ್ಜಿ ಇರುವವರಿಗೆ ಮೊದಲನೆಯದು ಪ್ರಾಣಕ್ಕೇ ಅಪಾಯ, ಕೇಳದೆ ಹಾಕಬಾರದು.

ಮೇಲಿನದ್ದೆಲ್ಲ ನಡೆಯುತ್ತಿದೆ ಎಂದು ಕಣ್ಣಾರೆ ನೋಡಿ ಖಾತ್ರಿಯಾದ ಮೇಲೂ ದರ ಇಳಿಯದಿದ್ದರೆ ಇವನ್ನು ತರಿಸಿ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೆ, ಲೈನ್ ಹಾಕಲು ರಕ್ತನಾಳಗಳೇ ಉಳಿದಿಲ್ಲದವರಿಗೆ, ಹೊಸದಾಗಿ ಕೃತಕ ಹೃದಯ ಕವಾಟ ಹಾಕಿಸಿಕೊಂಡವರಿಗೆ ಮೊದಲಿನಿಂದಲೇ ಆರಿಸಬಹುದು. ತರಿಸಿದ ದಿನದ ತಾರೀಖನ್ನು ನಿಮ್ಮ ಚಾರ್ಟಿನಲ್ಲಿ ಒಂದು ಗೆರೆ ಎಳೆದು ಗುರುತಿಸಿ. ಅದೇ ವಾರ ಡ್ರೆಸ್ಸಿಂಗನ್ನೂ, ಸ್ನಾನವನ್ನೂ ಬದಲಿಸಬೇಡಿ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತು ಎಂದು ಯಾರೂ ಹೇಳಲಾರರು. ಮುಂದಿನ ವರ್ಷ ಬಜೆಟ್ ಕಡಿತವಾದಾಗ ಯಾವುದನ್ನು ಉಳಿಸಿಕೊಳ್ಳಬೇಕೆಂದೂ ತಿಳಿಯುವುದಿಲ್ಲ.